ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರು

ಕಳೆದ ತಿಂಗಳ ಒಂದು ಭಾನುವಾರ ಮತ್ತಿಗಿರಿಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಕುಟುಂಬ ಸಮೇತ ಬಂದಿದ್ದ. ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ತರಗತಿ ಮುಗಿಸಿ, ಇಂದು ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆದು ಬದುಕು ಕಟ್ಟಿಕೊಂಡವನು. ದೊಡ್ಡದೊಂದು ಎಸ್‌ಯುವಿ ಕೊಳ್ಳಬೇಕೆಂದು ಆತ ನಿಶ್ಚಯಿಸಿಯಾಗಿತ್ತು. ಉಳಿದಿದ್ದ ಸಂದೇಹ ಒಂದೇ, ಡೀಸೆಲ್ ಎಂಜಿನ್ನಿನದೋ ಪೆಟ್ರೋಲ್ ಎಂಜಿನ್ನಿನದೋ ಎಂಬುದು. ವಿಜ್ಞಾನ ಕಲಿಸಿದ ಮೇಷ್ಟ್ರನ್ನೇ ಕೇಳೋಣವೆಂದು ಬಂದಿದ್ದರು. ಆತನ ಪತ್ನಿಯ ಚಿಂತೆ ಬೇರೆಯಿತ್ತು. ಬೆಲೆಯ ಬಹುಪಾಲನ್ನು ಬ್ಯಾಂಕಿನ ಸಾಲದಿಂದ ತುಂಬಬೇಕಾಗಿತ್ತು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಮಾತ್ರ ಇಬ್ಬರೂ ಕೇಳದ ಪ್ರಶ್ನೆಯನ್ನು ಕೇಳಿದಳು. ಡೀಸೆಲ್ ಎಂಬುದು ಯಾವ ಭಾಷೆಯ ಪದ, ಅದರ ಅರ್ಥವೇನು ಎಂದು ತಿಳಿಯುವುದು ಅವಳ ಆಸೆ.

ಅದು ಎಣ್ಣೆಯ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು ಎಂದಾಗ ಮೂವರೂ ಅಚ್ಚರಿಪಟ್ಟರು. ಬಂಕಿನಲ್ಲಿ ದಿನವೂ ಓದುವ ಹೆಸರು, ಲಾರಿಯ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುವ ಹೆಸರು ಒಬ್ಬ ತಂದೆಯದು, ಒಬ್ಬ ಮೇಷ್ಟ್ರ ಶಿಷ್ಯನದು, ಸಾಲದ ಹೊರೆಯಲ್ಲಿ ಬಾಳು ಮುಗಿಸಿದ ಒಬ್ಬ ಮೇಧಾವಿಯದು. ಅಂದು ಆ ಕುಟುಂಬಕ್ಕೆ ಹೇಳಿದ ಕಥೆಯನ್ನೇ ಇಂದು ನಮ್ಮ ಎಲ್ಲ ಪೋಷಕ ಬಂಧುಗಳ ಮುಂದೆ ಇಡುತ್ತಿದ್ದೇವೆ. ಎಂಜಿನ್ನಿನ ಆಯ್ಕೆಗೆ ಬೇಕಾದ ತಿಳಿವಳಿಕೆಯೂ ಅದರಲ್ಲಿದೆ, ಆಯ್ಕೆಗೆ ಮುನ್ನ ಬೇಕಾದ ಎಚ್ಚರವೂ ಇದೆ.

ಎರಡು ಭಾಷೆಗಳ ನಡುವಿನ ಬಾಲಕ

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಬವೇರಿಯಾದಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದ ಜರ್ಮನ್ ಭಾಷಿಕರು. ಪುಸ್ತಕಗಳಿಗೆ ರಟ್ಟು ಹಾಕುವ ಕಸುಬಿನ ಮನೆತನದ ತಂದೆ ಥಿಯೊಡೋರ್ ಚರ್ಮದ ಸಾಮಾನುಗಳನ್ನು ತಯಾರಿಸಿ ಮಾರುತ್ತಿದ್ದರು. ಮನೆಯೊಳಗೆ ಒಂದು ಭಾಷೆ, ಬೀದಿಯಲ್ಲಿಯೂ ಶಾಲೆಯಲ್ಲಿಯೂ ಇನ್ನೊಂದು ಭಾಷೆ. ಗಡಿನಾಡಿನ ನಮ್ಮ ಮಕ್ಕಳಿಗೆ ಈ ಬಗೆಯ ಬಾಲ್ಯವನ್ನು ವಿವರಿಸಬೇಕಾಗಿಲ್ಲ.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯದ ನಡುವೆ ಯುದ್ಧ ಆರಂಭವಾದಾಗ ಪ್ಯಾರಿಸ್ಸಿನ ಜರ್ಮನ್ ಕುಟುಂಬಗಳು ಊರು ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ನಿಗೆ ಹೋಯಿತು. ಅಲ್ಲಿಯೂ ನೆಲೆ ನಿಲ್ಲಲಾಗದೆ, ಹನ್ನೆರಡು ವರ್ಷದ ರುಡಾಲ್ಫನನ್ನು ತಂದೆಯ ಹುಟ್ಟೂರಾದ ಆಗ್ಸ್‌ಬರ್ಗಿನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಅವನನ್ನು ಇರಿಸಿಕೊಂಡ ಕ್ರಿಸ್ಟೋಫ್ ಬಾರ್ನಿಕೆಲ್ ಅವರು ಅಲ್ಲಿನ ವೃತ್ತಿಶಾಲೆಯೊಂದರಲ್ಲಿ ಗಣಿತದ ಅಧ್ಯಾಪಕರು. ಮನೆಯವರಿಂದ ದೂರವಾದ ಬಾಲಕನಿಗೆ ಆ ಶಾಲೆಯೇ ಆಸರೆಯಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ, ತಾನು ಎಂಜಿನಿಯರ್ ಆಗುವುದಾಗಿ ತಂದೆ ತಾಯಿಗೆ ಪತ್ರ ಬರೆದ. 1873ರಲ್ಲಿ ತರಗತಿಗೆ ಮೊದಲಿಗನಾಗಿ ತೇರ್ಗಡೆಯಾದ.

ಬಡತನದ ತಂದೆ ತಾಯಿಗೆ ಮಗ ಬೇಗ ದುಡಿಯಲಿ ಎಂಬ ಹಂಬಲ. ಆದರೆ 1875ರಲ್ಲಿ ಮ್ಯೂನಿಕ್ಕಿನ ಪಾಲಿಟೆಕ್ನಿಕ್ ವಿದ್ಯಾರ್ಥಿವೇತನ ನೀಡಿದಾಗ ಆತ ಅವರ ಇಚ್ಛೆಯನ್ನು ಮೀರಿ ಅದನ್ನು ಒಪ್ಪಿಕೊಂಡ. ಆ ವಿದ್ಯಾರ್ಥಿವೇತನ ಇಲ್ಲದಿದ್ದರೆ ಇಂದು ನಾವು ಆ ಎಣ್ಣೆಯನ್ನು ಬೇರಾವುದೋ ಹೆಸರಿನಿಂದ ಕರೆಯುತ್ತಿದ್ದೆವೇನೋ.

ವ್ಯರ್ಥವಾಗುವ ಶಾಖದ ಲೆಕ್ಕ

ಮ್ಯೂನಿಕ್ಕಿನಲ್ಲಿ ಆತನಿಗೆ ದೊರೆತ ಗುರು ಕಾರ್ಲ್ ಫಾನ್ ಲಿಂಡೆ, ಶೀತಲೀಕರಣ ಯಂತ್ರಗಳ ಪಿತಾಮಹರಲ್ಲಿ ಒಬ್ಬರು. ಅವರ ಉಪನ್ಯಾಸವೊಂದರಲ್ಲಿ ಡೀಸೆಲ್ ಕೇಳಿದ ಒಂದು ಸಂಗತಿ ಆತನ ಬದುಕಿನ ದಿಕ್ಕನ್ನೇ ಬದಲಿಸಿತು. ಅಂದಿನ ಉಗಿಯಂತ್ರಗಳು ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಭಾಗವನ್ನೂ ಕೆಲಸವಾಗಿ ಮಾರ್ಪಡಿಸುತ್ತಿರಲಿಲ್ಲ. ಉಳಿದ ತೊಂಬತ್ತು ಭಾಗ ಹೊಗೆಯಾಗಿ, ಬಿಸಿಯಾಗಿ ಗಾಳಿಗೆ ಸೇರುತ್ತಿತ್ತು. ಆ ಪೋಲನ್ನು ತಡೆಯುವ ಯಂತ್ರವೊಂದನ್ನು ಕಟ್ಟಬೇಕೆಂಬ ಹಟ ಅಂದಿನಿಂದ ಆತನನ್ನು ಬಿಡಲಿಲ್ಲ.

ವಿಷಮಶೀತ ಜ್ವರದಿಂದಾಗಿ 1879ರ ಪರೀಕ್ಷೆ ತಪ್ಪಿತು. ಮುಂದಿನ ಪರೀಕ್ಷೆಗೆ ಕಾಯುವ ಅವಧಿಯಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಝರ್ ಕಾರ್ಖಾನೆಯಲ್ಲಿ ಕೈಕೆಲಸ ಕಲಿತು, 1880ರ ಜನವರಿಯಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದ. ಅನಂತರ ಹತ್ತು ವರ್ಷ ಪ್ಯಾರಿಸ್ಸಿನಲ್ಲಿ ಗುರುವಿನ ಮಂಜುಗಡ್ಡೆ ಯಂತ್ರಗಳ ಉದ್ಯೋಗ. 1883ರಲ್ಲಿ ಮಾರ್ತಾ ಫ್ಲಾಷೆ ಅವರೊಂದಿಗೆ ವಿವಾಹವಾಯಿತು, ಮೂವರು ಮಕ್ಕಳಾದರು. ಬಿಡುವಿನ ವೇಳೆಯಲ್ಲಿ ಅಮೋನಿಯಾ ಆವಿಯಿಂದ ನಡೆಯುವ ಎಂಜಿನ್ ಒಂದನ್ನು ಪ್ರಯೋಗಿಸುವಾಗ ಅದು ಸಿಡಿದು, ಆತ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಆದರೂ ಹಟ ಕರಗಲಿಲ್ಲ.

ಕಿಡಿ ಬೇಡದ ಎಂಜಿನ್

ಅಷ್ಟು ಹೊತ್ತಿಗೆ ಪೆಟ್ರೋಲ್ ಎಂಜಿನ್ನಿನ ದಾರಿ ತೆರೆದಿತ್ತು. 1876ರಲ್ಲಿ ನಿಕೊಲಾಸ್ ಒಟ್ಟೊ ನಾಲ್ಕು ಹೊಡೆತದ ಎಂಜಿನ್ನನ್ನು ರೂಪಿಸಿದ್ದರು. 1886ರಲ್ಲಿ ಕಾರ್ಲ್ ಬೆಂಝ್ ತಮ್ಮ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದಿದ್ದರು. ಆ ಬಗೆಯ ಎಂಜಿನ್ನಿನಲ್ಲಿ ಇಂಧನದ ಆವಿಯೂ ಗಾಳಿಯೂ ಮೊದಲೇ ಬೆರೆತು ಸಿಲಿಂಡರಿನೊಳಗೆ ಬರುತ್ತವೆ. ಪಿಸ್ಟನ್ ಅವುಗಳನ್ನು ಅದುಮಿದ ಮೇಲೆ ಹೊರಗಿನಿಂದ ಕೊಟ್ಟ ಕಿಡಿ ಬೆಂಕಿ ಹಚ್ಚುತ್ತದೆ. ಹೆಚ್ಚು ಅದುಮಿದಷ್ಟೂ ಹೆಚ್ಚು ಶಕ್ತಿ ಸಿಗುವುದು ನಿಜ. ಆದರೆ ಮಿತಿ ಮೀರಿ ಅದುಮಿದರೆ ಕಿಡಿ ಬರುವ ಮುನ್ನವೇ ಮಿಶ್ರಣ ಹೊತ್ತಿಕೊಂಡು ಎಂಜಿನ್ ಹಾಳಾಗುತ್ತದೆ.

ಡೀಸೆಲ್ ಹಿಡಿದ ದಾರಿ ಬೇರೆ. ಸೈಕಲ್ ಚಕ್ರಕ್ಕೆ ಗಾಳಿ ತುಂಬಿದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಹಾಗಾದರೆ ಬರಿಯ ಗಾಳಿಯನ್ನೇ ಅತಿಯಾಗಿ ಅದುಮಿ, ಅದು ಕೆಂಡದಂತೆ ಕಾದಾಗ ಇಂಧನವನ್ನು ಸಿಂಪಡಿಸಿದರೆ ಕಿಡಿಯ ಅಗತ್ಯವೇ ಇಲ್ಲವಲ್ಲ! ಮೊದಲು ಇಂಧನವೇ ಒಳಗಿಲ್ಲದ ಕಾರಣ ಅಕಾಲದಲ್ಲಿ ಹೊತ್ತಿಕೊಳ್ಳುವ ಭಯವೂ ಇಲ್ಲ. ಇಂದಿನ ಪೆಟ್ರೋಲ್ ಎಂಜಿನ್ ಗಾಳಿಯನ್ನು ಸುಮಾರು ಹತ್ತನೆಯ ಒಂದು ಭಾಗಕ್ಕೆ ಅದುಮಿದರೆ, ಡೀಸೆಲ್ ಎಂಜಿನ್ ಹದಿನಾರನೆಯ ಒಂದು ಭಾಗದವರೆಗೆ ಅದುಮುತ್ತದೆ. ಇಂಧನದ ಮಿತವ್ಯಯ, ಕಡಿಮೆ ವೇಗದಲ್ಲಿಯೂ ಹೆಚ್ಚಿನ ಎಳೆಯುವ ಬಲ, ದಪ್ಪ ಉಕ್ಕಿನ ಭಾರ, ನಡುಕ, ಗದ್ದಲ, ಹೆಚ್ಚಿನ ಬೆಲೆ, ಎಲ್ಲದರ ಮೂಲವೂ ಇದೇ. ಎರಡೂ ಎಂಜಿನ್ನುಗಳ ಗುಣದೋಷಗಳನ್ನು ಕಂಠಪಾಠ ಮಾಡಬೇಕಾಗಿಲ್ಲ. ಈ ಒಂದು ವ್ಯತ್ಯಾಸ ತಿಳಿದರೆ ಉಳಿದವು ತಾವಾಗಿಯೇ ತಿಳಿಯುತ್ತವೆ.

1892ರಲ್ಲಿ ಡೀಸೆಲ್ ಪೇಟೆಂಟಿಗೆ ಅರ್ಜಿ ಸಲ್ಲಿಸಿ, ಮರುವರ್ಷ ತನ್ನ ಸಿದ್ಧಾಂತವನ್ನು ಪುಸ್ತಕವಾಗಿ ಪ್ರಕಟಿಸಿದ. ತಾನು ಓದಿದ ಊರಾದ ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯೂ ಎಸ್ಸೆನ್ನಿನ ಕ್ರುಪ್ ಸಂಸ್ಥೆಯೂ ಪ್ರಯೋಗಕ್ಕೆ ಹಣ ಕೊಡಲು ಒಪ್ಪಿದವು. 1893ರ ಆಗಸ್ಟ್ 10ರಂದು ಮೊದಲ ಬಾರಿಗೆ ಸಿಲಿಂಡರಿನಲ್ಲಿ ಬೆಂಕಿ ಹೊತ್ತಿತು. ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ವಿಚಿತ್ರವೆಂದರೆ ಅಂದು ಬಳಸಿದ ಇಂಧನ ಪೆಟ್ರೋಲ್! ಅಪಾಯವನ್ನು ಕಂಡವರಿಗೆ ಅದು ಸೋಲು. ಡೀಸೆಲ್ಲನಿಗೆ ಮಾತ್ರ, ಅದುಮಿದ ಗಾಳಿಯೇ ಬೆಂಕಿ ಹಚ್ಚಬಲ್ಲದು ಎಂಬುದಕ್ಕೆ ಸಿಕ್ಕ ಪುರಾವೆ.

1894ರ ಫೆಬ್ರವರಿ 17ರಂದು ತಿದ್ದಿದ ಎಂಜಿನ್ ತನ್ನ ಬಲದಿಂದಲೇ ಸುಮಾರು ಒಂದು ನಿಮಿಷ ನಡೆಯಿತು. ಒಟ್ಟು 88 ಸುತ್ತುಗಳು. ಆ ಒಂದು ನಿಮಿಷವನ್ನು ದಿನವಿಡೀ ನಡೆಯುವ ಯಂತ್ರವಾಗಿಸಲು ಮತ್ತೆ ಮೂರು ವರ್ಷ ಬೇಕಾಯಿತು. 1897ರ ಫೆಬ್ರವರಿ 17ರಂದು ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ಅಧಿಕೃತವಾಗಿ ಅಳತೆ ಮಾಡಿದಾಗ, ಸುಮಾರು 18 ಅಶ್ವಶಕ್ತಿಯ ಆ ಎಂಜಿನ್ ಇಂಧನದ ಶಾಖದಲ್ಲಿ ಶೇಕಡಾ 26.2ರಷ್ಟನ್ನು ಕೆಲಸವಾಗಿ ಮಾರ್ಪಡಿಸುತ್ತಿತ್ತು. ಅಂದಿನ ಇನ್ನಾವ ಎಂಜಿನ್ನೂ ಆ ಮಟ್ಟಕ್ಕೆ ಬಂದಿರಲಿಲ್ಲ.

ಕಡಲೇಕಾಯಿ ಎಣ್ಣೆಯೂ ಕರಗಿದ ಸಂಪತ್ತೂ

ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಎಟುಕುತ್ತಿದ್ದ ಉಗಿಯಂತ್ರದ ಎದುರಿಗೆ ಸಣ್ಣ ಕುಶಲಕರ್ಮಿಗಳ ಕೈಗೂ ಸಿಗುವ ಶಕ್ತಿಯೊಂದು ಬರಲಿ ಎಂಬುದು ಡೀಸೆಲ್ಲನ ಆಸೆಯಾಗಿತ್ತು. ತಂದೆಯ ಪುಟ್ಟ ಕಾರ್ಯಾಗಾರವನ್ನು ಕಂಡು ಬೆಳೆದವನಿಗೆ ಅದು ಸಹಜ. 1903ರಲ್ಲಿ ದುಡಿಯುವವರ ಪರಸ್ಪರ ಸಹಕಾರದ ಕುರಿತೂ ಒಂದು ಪುಸ್ತಕ ಬರೆದ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಕಡಲೇಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಯಿತು. ರೈತ ಬೆಳೆದ ಎಣ್ಣೆಯೂ ಮುಂದೊಂದು ದಿನ ಮುಖ್ಯ ಇಂಧನವಾದೀತೆಂದು ಡೀಸೆಲ್ ತನ್ನ ಕೊನೆಯ ವರ್ಷಗಳಲ್ಲಿ ನಂಬಿದ್ದ. ಕಾಲಾಂತರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಎಂಜಿನ್ ನಡೆಸಿ ತೋರಿಸಿದ್ದು ಈ ನಂಬಿಕೆಯ ಮುಂದುವರಿಕೆಯೇ. ನಮ್ಮ ಹೊಲಗಳ ಬದುವಿನ ಹೊಂಗೆಮರಕ್ಕೂ ಈ ಕಥೆಗೂ ಹೀಗೊಂದು ನಂಟಿದೆ.

ಎಂಜಿನ್ ಗೆದ್ದಿತು. ಹಕ್ಕುಗಳನ್ನು ಕೊಳ್ಳಲು ಹಲವು ದೇಶಗಳ ಉದ್ಯಮಿಗಳು ಬಂದರು. ಅಮೆರಿಕದ ಹಕ್ಕುಗಳಿಗಾಗಿ ಅಡಾಲ್ಫಸ್ ಬುಷ್ ಎಂಬ ಉದ್ಯಮಿ ಹತ್ತು ಲಕ್ಷ ಮಾರ್ಕ್ ತೆತ್ತರು. ನಲವತ್ತರ ಹೊಸ್ತಿಲಲ್ಲಿ ಡೀಸೆಲ್ ಆಗರ್ಭ ಶ್ರೀಮಂತ. ಮ್ಯೂನಿಕ್ಕಿನಲ್ಲಿ ಭವ್ಯ ಬಂಗಲೆ ಎದ್ದಿತು. ಆದರೆ ಅಂದಿನಿಂದಲೇ ಇಳಿಜಾರು ಆರಂಭವಾಯಿತು. ಪೇಟೆಂಟಿನ ವ್ಯಾಜ್ಯಗಳು, ಮೊದಲ ಗಿರಾಕಿಗಳ ಎಂಜಿನ್ನುಗಳು ಕೆಟ್ಟು ನಿಂತ ದೂರುಗಳು, ಕುಸಿದ ಆರೋಗ್ಯ. ಭೂಮಿಯ ವ್ಯವಹಾರದಲ್ಲಿಯೂ ಎಣ್ಣೆ ಬಾವಿಗಳಲ್ಲಿಯೂ ಹೂಡಿದ ಹಣ ಕರಗಿತು. ಎಂಜಿನ್ನಿನೊಳಗೆ ಒಂದು ಹನಿ ಇಂಧನ ವ್ಯರ್ಥವಾಗುವುದನ್ನೂ ಸಹಿಸದ ಆ ಮನುಷ್ಯ ತನ್ನ ಸ್ವಂತ ಹಣದ ವಿಷಯದಲ್ಲಿ ಅಂಥ ಲೆಕ್ಕವನ್ನು ಇಡಲಿಲ್ಲ. ಹೊರಗಿನವರ ಕಣ್ಣಿಗೆ ಬಂಗಲೆ ಹಾಗೆಯೇ ಇತ್ತು. ಒಳಗಿನ ಬರಿದನ್ನು ಆತ ಮನೆಯವರಿಗೂ ತಿಳಿಸಲಿಲ್ಲ.

1913ರ ಸೆಪ್ಟೆಂಬರ್ 29ರ ಸಂಜೆ ಡೀಸೆಲ್ ಆಂಟ್ವರ್ಪಿನಲ್ಲಿ ಡ್ರೆಸ್ಡೆನ್ ಎಂಬ ಹಡಗನ್ನೇರಿದ. ಇಂಗ್ಲೆಂಡಿನ ಡೀಸೆಲ್ ಕಂಪನಿಯೊಂದರ ಕೆಲಸಕ್ಕಾಗಿ ಆ ಪ್ರಯಾಣ. ಜೊತೆಯವರೊಂದಿಗೆ ಊಟ ಮಾಡಿ, ಬೆಳಿಗ್ಗೆ ಆರೂಕಾಲಕ್ಕೆ ಎಬ್ಬಿಸುವಂತೆ ತಿಳಿಸಿ, ರಾತ್ರಿ ಹತ್ತರ ಹೊತ್ತಿಗೆ ತನ್ನ ಕೋಣೆಗೆ ಹೋದ. ಬೆಳಿಗ್ಗೆ ಹಾಸಿಗೆಯಲ್ಲಿ ಯಾರೂ ಮಲಗಿದ ಗುರುತಿರಲಿಲ್ಲ. ಟೋಪಿಯೂ ಮೇಲಂಗಿಯೂ ಹಡಗಿನ ಅಟ್ಟದ ಮೇಲೆ ಸಿಕ್ಕವು. ಹಲವು ದಿನಗಳ ನಂತರ ಡಚ್ ದೋಣಿಯವರಿಗೆ ಸಮುದ್ರದಲ್ಲಿ ಒಂದು ದೇಹ ಕಂಡಿತು. ಅದರ ಜೇಬಿನಲ್ಲಿ ದೊರೆತ ವಸ್ತುಗಳನ್ನು ಮಗ ಯೂಜೆನ್ ಗುರುತಿಸಿದ. ವಯಸ್ಸು ಐವತ್ತೈದು. ಸಾವಿನ ಕಾರಣದ ಬಗ್ಗೆ ಇಂದಿಗೂ ನಾನಾ ಊಹೆಗಳಿವೆ. ಸಾಲ ಮಾತ್ರ ಊಹೆಯಲ್ಲ. ಬ್ಯಾಂಕಿನ ಖಾತೆಗಳು ಬರಿದಾಗಿದ್ದವು.

ಈ ಭಾಗವನ್ನು ಮಕ್ಕಳಿಗೆ ಹೇಳುವಾಗ ನಾವು ಒಂದು ಮಾತನ್ನು ತಪ್ಪದೆ ಸೇರಿಸುತ್ತೇವೆ. ಸಾಲ ಅವಮಾನವಲ್ಲ, ಅದನ್ನು ಮನೆಯವರಿಂದ ಮುಚ್ಚಿಡುವುದೇ ಅಪಾಯ. ಹೆಂಡತಿಯೊಡನೆಯೋ ಮಕ್ಕಳೊಡನೆಯೋ ಗೆಳೆಯನೊಡನೆಯೋ ಹೇಳಿಕೊಂಡ ಹೊರೆ ಎಷ್ಟೋ ಹಗುರವಾಗುತ್ತದೆ.

ಹೆಸರು ನಮ್ಮೂರಿಗೆ ಬಂದ ಬಗೆ

ಡೀಸೆಲ್ ಬದುಕಿದ್ದಾಗ ಆತನ ಎಂಜಿನ್ ಕಾರ್ಖಾನೆಯ ನೆಲಕ್ಕೂ ಹಡಗಿನ ಒಡಲಿಗೂ ಮಾತ್ರ ಹೊಂದುವಷ್ಟು ದೊಡ್ಡದಿತ್ತು. ಇಂಧನ ಸಿಂಪಡಿಸಲು ಭಾರವಾದ ಗಾಳಿಯ ಕಂಪ್ರೆಸರ್ ಬೇಕಾಗುತ್ತಿತ್ತು. ರಾಬರ್ಟ್ ಬಾಷ್ ಅವರ ಸಂಸ್ಥೆ 1927ರಲ್ಲಿ ಸಣ್ಣ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಲಾರಿಗಳ ದಾರಿ ಸುಗಮವಾಯಿತು. 1936ರಲ್ಲಿ ಮರ್ಸಿಡಿಸ್ ಬೆಂಝ್ 260ಡಿ ಎಂಬ ಡೀಸೆಲ್ ಕಾರು ಬಂತು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಾರ್ಖಾನೆಯು ಪೆಟ್ರೋಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಎಂಜಿನ್ನಿಗೆ ಇಂಜೆಕ್ಷನ್ ಪಂಪನ್ನೂ ತಯಾರಿಸಿತು. ನಮ್ಮ ಹೊಸೂರಿನಲ್ಲಿಯೂ ಎರಡು ಕವಲುಗಳು ಒಂದೇ ಕಾಲದಲ್ಲಿ ಬೇರೂರಿದವು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಇಲ್ಲಿ ಡೀಸೆಲ್ ಲಾರಿಗಳ ಕಾರ್ಖಾನೆ ತೆರೆಯಿತು. ಅದೇ ವರ್ಷ ಪೆಟ್ರೋಲಿನ ಟಿವಿಎಸ್ 50 ಮೊಪೆಡ್ ಇಲ್ಲಿಂದ ಹೊರಬಂತು. ಹತ್ತು ಟನ್ ಹೊತ್ತು ಘಟ್ಟ ಏರುವ ಲಾರಿಗೆ ಒಂದು ಎಂಜಿನ್, ಹಾಲಿನ ಕ್ಯಾನು ಕಟ್ಟಿಕೊಂಡು ಓಣಿಯಲ್ಲಿ ಸಾಗುವ ಮೊಪೆಡ್ಡಿಗೆ ಇನ್ನೊಂದು. ಯಾವುದು ಮೇಲು ಎಂದು ಅಂದು ಯಾರೂ ಕೇಳಲಿಲ್ಲ. ಕೆಲಸವೇ ಎಂಜಿನ್ನನ್ನು ಆರಿಸಿತ್ತು.

ಆಯ್ಕೆಯ ಲೆಕ್ಕ

ಐಷಾರಾಮಿ ಎಸ್‌ಯುವಿಯಲ್ಲಿ ಈ ಗೆರೆ ಮಸುಕಾಗುತ್ತದೆ. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಫಾರ್ಚುನರ್ ವಾಹನವನ್ನೇ ನೋಡೋಣ. ಅದರ 2.7 ಲೀಟರ್ ಪೆಟ್ರೋಲ್ ಎಂಜಿನ್ನಿನ ತಿರುಗಿಸುವ ಬಲ, ಅಂದರೆ ಟಾರ್ಕ್, 245 ನ್ಯೂಟನ್ ಮೀಟರ್. 2.8 ಲೀಟರ್ ಡೀಸೆಲ್ ಎಂಜಿನ್ನಿನದು ಆಟೊಮ್ಯಾಟಿಕ್ ಗೇರಿನ ಮಾದರಿಯಲ್ಲಿ 500. ತುಂಬಿದ ವಾಹನದೊಂದಿಗೆ ಘಟ್ಟ ಹತ್ತುವವರಿಗೆ ಈ ಅಂತರ ದೊಡ್ಡದು. ಹೆದ್ದಾರಿಯಲ್ಲಿ ದೂರದೂರ ಓಡಾಡುವವರಿಗೆ ಇಂಧನದ ಉಳಿತಾಯವೂ ನಿಜ.

ಆದರೆ ಇನ್ನೊಂದು ಬದಿಯೂ ಇದೆ. ಡೀಸೆಲ್ ಹೊಗೆ ಕ್ಯಾನ್ಸರ್ ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ವರ್ಗೀಕರಿಸಿತು. 2015ರಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ವಾಹನಗಳಲ್ಲಿ ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶವಿದ್ದದ್ದು ಬಯಲಾಯಿತು. ಅದೇ ಡಿಸೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೆಹಲಿ ವಲಯದಲ್ಲಿ 2000 ಸಿಸಿ ಮತ್ತು ಅದಕ್ಕೂ ದೊಡ್ಡ ಡೀಸೆಲ್ ಕಾರುಗಳ ನೋಂದಣಿಯನ್ನು ಕೆಲಕಾಲ ತಡೆಯಿತು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ನಿಯಮದ ನಂತರ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಅನಿವಾರ್ಯವಾಯಿತು. ಆ ಫಿಲ್ಟರಿನಲ್ಲಿ ತುಂಬಿದ ಮಸಿ ಸುಟ್ಟುಹೋಗಲು ಎಂಜಿನ್ ಚೆನ್ನಾಗಿ ಕಾದು, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ದಿನವೂ ಮತ್ತಿಗಿರಿಯಿಂದ ಹೊಸೂರಿಗೆ ಹೋಗಿ, ಶಾಲೆಯ ಮುಂದೆ ನಿಂತು, ಸಂತೆ ಮುಗಿಸಿ ಹಿಂತಿರುಗುವ ವಾಹನಕ್ಕೆ ಆ ಅವಕಾಶವೇ ಸಿಗದು. ಮಸಿ ಕಟ್ಟಿಕೊಂಡರೆ ದುರಸ್ತಿಯ ವೆಚ್ಚ ಉಳಿತಾಯವನ್ನೆಲ್ಲ ನುಂಗುತ್ತದೆ.

ಅಂದು ನಾವು ಮಗಳ ಕೈಗೆ ಪೆನ್ಸಿಲ್ ಕೊಟ್ಟು ಒಂದು ಲೆಕ್ಕ ಹಾಕಿಸಿದೆವು. ಡೀಸೆಲ್ ಮಾದರಿಗೆ ಎರಡು ಲಕ್ಷ ರೂಪಾಯಿ ಹೆಚ್ಚು ಬೆಲೆ ಎಂದುಕೊಳ್ಳೋಣ. ಕಿಲೋಮೀಟರಿಗೆ ನಾಲ್ಕು ರೂಪಾಯಿ ಉಳಿಯುತ್ತದೆ ಎಂದುಕೊಳ್ಳೋಣ. ಹೆಚ್ಚಿಗೆ ಕೊಟ್ಟ ಹಣ ಹಿಂತಿರುಗಲು 50,000 ಕಿಲೋಮೀಟರ್ ಓಡಬೇಕು. ವರ್ಷಕ್ಕೆ 25,000 ಕಿಲೋಮೀಟರ್ ಓಡಿಸುವವರಿಗೆ ಎರಡು ವರ್ಷ, 10,000 ಓಡಿಸುವವರಿಗೆ ಐದು ವರ್ಷ. ಆ ಎರಡು ಲಕ್ಷಕ್ಕೂ ಸಾಲದ ಬಡ್ಡಿ ಸೇರಿದರೆ ಅವಧಿ ಇನ್ನೂ ಉದ್ದ. ನಿಮ್ಮ ಅಂಗಡಿಯವರು ಹೇಳುವ ಬೆಲೆ, ನಿಮ್ಮ ಬಂಕಿನ ದರ ಹಾಕಿ ನೀವೂ ಇದನ್ನು ಮಾಡಬಹುದು. ಎಂಟನೆಯ ತರಗತಿಯ ಗಣಿತ ಸಾಕು.

ವರ್ಷಕ್ಕೆ ಎಷ್ಟು ಓಡಾಟವೆಂದು ಗಂಡಹೆಂಡತಿ ಕೂತು ಪಟ್ಟಿ ಮಾಡಿದರು. ದಿನದ ಶಾಲೆ, ತೋಟ, ಸಂತೆ, ತಿಂಗಳಿಗೊಮ್ಮೆ ಬೆಂಗಳೂರು, ವರ್ಷಕ್ಕೊಮ್ಮೆ ಧರ್ಮಸ್ಥಳ. ಗುಲಾಬಿ ಹೊರುವುದು ಬಾಡಿಗೆಯ ಟೆಂಪೊ. ಒಟ್ಟು ಒಂಬತ್ತು ಸಾವಿರ ಕಿಲೋಮೀಟರ್ ದಾಟಲಿಲ್ಲ. ಡೀಸೆಲ್ ಬೇಡವೆಂಬುದು ಅಲ್ಲಿಗೆ ತೀರ್ಮಾನವಾಯಿತು. ಇಷ್ಟು ಓಡಾಟಕ್ಕೆ ಅಷ್ಟು ದೊಡ್ಡ ವಾಹನ, ಅಷ್ಟು ದೊಡ್ಡ ಸಾಲ ಬೇಕೇ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಅದಕ್ಕೆ ಉತ್ತರಿಸಬೇಕಾದವರು ಮೇಷ್ಟ್ರಲ್ಲ. ಪಟ್ಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಮನೆಯಲ್ಲಿ ಮತ್ತೊಮ್ಮೆ ಮಾತಾಡುವುದಾಗಿ ಹೇಳಿ ಹೊರಟರು.

ಯಂತ್ರದ ಲೆಕ್ಕವನ್ನು ಜಗತ್ತಿಗೆ ಕಲಿಸಿದ ರುಡಾಲ್ಫ್ ಡೀಸೆಲ್ ಮನೆಯ ಲೆಕ್ಕವನ್ನು ಮನೆಯವರ ಮುಂದೆ ಬಿಚ್ಚಿಡದೆ ಹೋದ. ನಮ್ಮ ಮನೆಗಳಲ್ಲಿ ಎರಡೂ ಲೆಕ್ಕಗಳು ಒಂದೇ ಮೇಜಿನ ಮೇಲೆ, ಮಕ್ಕಳ ಎದುರಿನಲ್ಲಿಯೇ ನಡೆಯಲಿ. ಅವರ ಪ್ರಶ್ನೆಗಳಿಗೂ ಅಲ್ಲಿ ಜಾಗವಿರಲಿ.